ಜಿಲ್ಲೆಗೆಲ್ಲ ಒಂದೇ ಚಾಂದಿನಿ

ಯೋಗೀಶನಿಗೆ ರೋನಿಯ ಮೇಲೆ ಹೊಟ್ಟೆಕಿಚ್ಚು ಇರಲಿಲ್ಲ. ಇದನ್ನು ಅವನೇ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ. ಬೆಳಿಗ್ಗೆ ಕೆಮ್ಮಣ್ಣಿನ ಮನೆಯಲ್ಲಿ ಹೆಂಡತಿ ಕಾವ್ಯಳಿಗೆ, ಸಂತೆಕಟ್ಟೆಯಲ್ಲಿ ಬಸ್ಸು ಬದಲಿಸುವಾಗ ಪಕ್ಕದಲ್ಲಿ ನಿಂತವರಿಗೆ, ಮಣಿಪಾಲದ ಆಫೀಸಿನ ಕೆಳಗೆ ಚಹಾ ಕುಡಿಯುವಾಗ ಚಹಾ ಕೊಟ್ಟವರಿಗೆ, ಸಂಜೆ ಮತ್ತೆ ಕಾವ್ಯಳಿಗೆ. “ನನಗೆ ಎಂತಕ್ಕೆ ಹೊಟ್ಟೆಕಿಚ್ಚು ಮಾರಾಯ್ರೆ? ನಾನು ಸೀನಿಯರ್. ಅವ ಬಂದು ಏಳು ತಿಂಗಳು ಆಯಿತು ಅಷ್ಟೇ” ಎನ್ನುತ್ತಿದ್ದ. ಹೊಟ್ಟೆಕಿಚ್ಚು ಉಂಟಾ ಎಂದು ಇವರಲ್ಲಿ ಯಾರೂ ಅವನನ್ನು ಕೇಳಿರಲಿಲ್ಲ.

ಮಣಿಪಾಲದ ಆ ಆಫೀಸಿನಲ್ಲಿ ಇದ್ದದ್ದು ಒಂಬತ್ತು ಜನ. ಊರವರಿಗೆ ವೆಬ್‌ಸೈಟ್ ಮಾಡಿಕೊಡುವುದು ಅವರ ಕೆಲಸ. ಯೋಗೀಶ ಅಲ್ಲಿ ಹತ್ತು ವರ್ಷದಿಂದ ಇದ್ದ. ರೋನಿ ಕಾರ್ಕಳದವನು, ಮೂವತ್ತು ವರ್ಷದ ತೆಳ್ಳನೆಯ ಮನುಷ್ಯ. ಅವನ ಅಪರಾಧ ಇಷ್ಟು: ಬೆಳಿಗ್ಗೆ ಕೊಟ್ಟ ಕೆಲಸವನ್ನು ಮಧ್ಯಾಹ್ನದ ಊಟಕ್ಕೆ ಮೊದಲು ಮುಗಿಸುತ್ತಿದ್ದ. ಅಷ್ಟಕ್ಕೇ ನಿಲ್ಲಿಸಿದ್ದರೆ ಯೋಗೀಶ ಕ್ಷಮಿಸುತ್ತಿದ್ದನೋ ಏನೋ. ಆದರೆ ಊಟ ಮುಗಿಸಿ ಬಂದು, “ಯೋಗೀಶಣ್ಣ, ನಿಮ್ಮದು ಎಂತಾದರೂ ಮಾಡಲಿಕ್ಕೆ ಉಂಟಾ?” ಎಂದು ಕೇಳುತ್ತಿದ್ದ. ಶತ್ರುಗಳು ಇಷ್ಟು ಸಭ್ಯವಾಗಿ ಮಾತಾಡಿದರೆ ಮನುಷ್ಯ ಯಾರ ಹತ್ತಿರ ದೂರು ಕೊಡುವುದು?

ಖಾಸಗಿ ಬಸ್ ಮಾಲಕರ ಸಂಘಕ್ಕೆ ಒಂದು ವೆಬ್‌ಸೈಟ್ ಮಾಡುವ ಕೆಲಸ ಬಂದಾಗ ಕಥೆ ಶುರುವಾಯಿತು. ಯಾವ ನಿಲ್ದಾಣಕ್ಕೆ ಎಷ್ಟು ಗಂಟೆಗೆ ಯಾವ ಬಸ್ಸು ಎಂದು ಅದು ತೋರಿಸಬೇಕು. ಬರುವ ಭಾನುವಾರ ಉಡುಪಿಯ ಒಂದು ಸಭಾಂಗಣದಲ್ಲಿ ಉದ್ಘಾಟನೆ. ಆಫೀಸಿನ ಒಡತಿ ಸೌಮ್ಯಶ್ರೀ ಮೇಡಂ ಎಲ್ಲರ ಎದುರು, “ಕೆಲಸವನ್ನು ಯಾರು ಸರಿಯಾಗಿ ಮುಗಿಸುತ್ತಾರೋ ಅವರೇ ವೇದಿಕೆಗೆ ಹೋಗಿ ಸಂಘದವರಿಗೆ ತೋರಿಸಲಿ” ಎಂದರು. ಹೇಳುವಾಗ ಅವರ ಕಣ್ಣು ಒಂದು ಕ್ಷಣ ರೋನಿಯ ಕಡೆ ಹೋದದ್ದನ್ನು ಯೋಗೀಶ ನೋಡಿದ. ಅವರು ಗಡಿಯಾರ ನೋಡಿದ್ದಿರಬಹುದು, ಅದು ರೋನಿಯ ತಲೆಯ ಮೇಲೆಯೇ ಇದೆ. ಆದರೆ ಯೋಗೀಶನಿಗೆ ಅಂಥ ಉದಾರ ಯೋಚನೆಗಳು ಬರುವ ಕಾಲ ಅದಾಗಿರಲಿಲ್ಲ.

ವೇದಿಕೆ ಅವನಿಗೆ ಬೇಕೇ ಬೇಕಿತ್ತು. ಯಾಕೆಂದರೆ ಕಾಪುವಿನಲ್ಲಿ ಅವನಿಗೊಬ್ಬ ಮಾವ ಇದ್ದರು.

ಕಾವ್ಯಳ ತಂದೆ ಬೂಬಣ್ಣ ನಲವತ್ತು ವರ್ಷ ಕಾಪು ಬಸ್ ನಿಲ್ದಾಣದಲ್ಲಿ ಟೈಮ್ ಕೀಪರ್ ಆಗಿದ್ದವರು. ಬಸ್ಸು ಬಂದ ನಿಮಿಷ ಪುಸ್ತಕದಲ್ಲಿ ಬರೆದು, ಹೋಗುವ ನಿಮಿಷಕ್ಕೆ ಸೀಟಿ ಊದಿ ಹೊರಡಿಸುವ ಕೆಲಸ. ಒಂದು ಬಸ್ಸು ಇನ್ನೊಂದರ ಸಮಯದಲ್ಲಿ ಎರಡು ನಿಮಿಷ ಹೆಚ್ಚು ನಿಂತರೆ ಕಂಡಕ್ಟರುಗಳು ಅಂಗಿಯ ಕಾಲರು ಹಿಡಿಯುವ ಊರು ಅದು. ಅಂಥಲ್ಲಿ ನಲವತ್ತು ವರ್ಷ ಶಾಂತಿ ಕಾಪಾಡಿದ ಬೂಬಣ್ಣನಿಗೆ ಅಳಿಯ ಎಂತ ಕೆಲಸ ಮಾಡುತ್ತಾನೆ ಎಂಬುದು ಮಾತ್ರ ಮಗಳ ಮದುವೆಯಾಗಿ ಹನ್ನೆರಡು ವರ್ಷವಾದರೂ ತಿಳಿದಿರಲಿಲ್ಲ. ಯಾರಾದರೂ ಕೇಳಿದರೆ, “ಮಣಿಪಾಲದಲ್ಲಿ ಕಂಪ್ಯೂಟರಿನ ಹತ್ತಿರ ಇದ್ದಾನೆ” ಎನ್ನುತ್ತಿದ್ದರು, ಕಂಪ್ಯೂಟರಿಗೆ ಹುಷಾರಿಲ್ಲ, ಆರೈಕೆಗೆ ಒಬ್ಬರು ಬೇಕು ಎನ್ನುವ ಹಾಗೆ. ಈಗ ಬಸ್ಸಿನ ಕೆಲಸವೇ ಬಂದಿದೆ, ಬಸ್ ಮಾಲಕರೆಲ್ಲ ಕೂತಿರುತ್ತಾರೆ, ಮಾವ ಮುಂದಿನ ಸಾಲಿನಲ್ಲಿರುತ್ತಾರೆ. ಯೋಗೀಶ ಆ ದಿನವೇ ಫೋನು ಮಾಡಿ, “ಮಾವ, ಭಾನುವಾರ ವೇದಿಕೆಯಲ್ಲಿ ನಾನೇ” ಎಂದುಬಿಟ್ಟ. ಬೂಬಣ್ಣ ಆ ದಿನವೇ ಹದಿನಾಲ್ಕು ಜನ ಸಂಬಂಧಿಕರನ್ನು ಹೊರಡಿಸಿದರು.

ಸೋಮವಾರ ಬೆಳಿಗ್ಗೆ ಯೋಗೀಶ ಕಂಪ್ಯೂಟರ್ ತೆರೆದರೆ ಪರದೆಯ ಮೇಲಿಂದ ಕೆಳಗಿನವರೆಗೆ ಕೆಂಪು. ನಲವತ್ತಮೂರು ತಪ್ಪುಗಳು.

ಸಂಗತಿ ಇಷ್ಟೇ. ಅವರ ಕೆಲಸದಲ್ಲಿ ವೆಬ್ ಕಾಂಪೊನೆಂಟ್ ಎಂದು ಒಂದು ಉಂಟು. ಒಂದು ಪೆಟ್ಟಿಗೆ ಮಾಡಿ ಅದಕ್ಕೆ ಹೆಸರಿಟ್ಟರೆ, ಆಮೇಲೆ ಯಾವ ಪುಟದಲ್ಲಿ ಆ ಹೆಸರು ಬರೆದರೂ ಪೆಟ್ಟಿಗೆ ಅಲ್ಲಿ ಬಂದು ಕೂರುತ್ತದೆ. ಒಳಗೆ ಅಕ್ಷರ ಹಾಕುವುದೋ ಸಂಖ್ಯೆ ಹಾಕುವುದೋ ಎಂದು ಮೊದಲೇ ಬರೆದುಕೊಡಬೇಕು. ಅದಕ್ಕೆ ಟೈಪ್ ಎನ್ನುತ್ತಾರೆ. ಕೆಮ್ಮಣ್ಣು, ಸಂತೆಕಟ್ಟೆ ಕಡೆಯ ಬಸ್ಸುಗಳಿಗೆ ಯೋಗೀಶ ಒಂದು ಪೆಟ್ಟಿಗೆ ಮಾಡಿದ್ದ. ಕಾಪು, ಕಾರ್ಕಳ ಕಡೆಗೆ ರೋನಿ ಇನ್ನೊಂದು ಮಾಡಿದ್ದ. ಇಬ್ಬರೂ ಒಂದೇ ಹೆಸರಿಟ್ಟಿದ್ದರು: ಬಸ್-ಕಾರ್ಡ್. ಬಸ್ಸಿನ ಕಾರ್ಡಿಗೆ ಬೇರೆ ಎಂತ ಹೆಸರಿಡುವುದು?

ಜಗಳ ಬಂದದ್ದು ಒಳಗಿನ ಸಾಮಾನಿನಲ್ಲಿ. ಯೋಗೀಶನ ಪೆಟ್ಟಿಗೆಯಲ್ಲಿ ಬಸ್ಸು ಎಂದರೆ ಹೆಸರು, ಅಂದರೆ ಅಕ್ಷರ. ಕೆಮ್ಮಣ್ಣಿನಲ್ಲಿ ಹುಟ್ಟಿದವನಿಗೆ ಬಸ್ಸಿಗೆ ನಂಬರೂ ಇರುತ್ತದೆ ಎಂಬ ಯೋಚನೆಯೇ ಬರುವುದಿಲ್ಲ, ಅಲ್ಲಿ “ಚಾಂದಿನಿ ಹೋಯಿತಾ?” ಎಂದು ಕೇಳುತ್ತಾರೆ, ಅಷ್ಟೇ. ಕಾರ್ಕಳದ ರೋನಿಗೆ ಒಬ್ಬನೇ ಮಾಲಕನ ಒಂದೇ ಹೆಸರಿನ ಮೂರು ಬಸ್ಸು ನೋಡಿ ಗೊತ್ತು. ಅವನ ಪೆಟ್ಟಿಗೆಯಲ್ಲಿ ಬಸ್ಸು ಎಂದರೆ ನಂಬರ್ ಪ್ಲೇಟಿನ ಕೊನೆಯ ನಾಲ್ಕು ಅಂಕಿ. ಒಂದೇ ಹೆಸರಿನ ಪೆಟ್ಟಿಗೆ, ಒಬ್ಬ ಅಕ್ಷರ ಎನ್ನುತ್ತಾನೆ, ಇನ್ನೊಬ್ಬ ಸಂಖ್ಯೆ ಎನ್ನುತ್ತಾನೆ. ಕಂಪ್ಯೂಟರು ಕೆಂಪು ಗೆರೆ ಎಳೆದು ಕೂತುಬಿಟ್ಟಿತು.

ಇಬ್ಬರೂ ಕೂತು ಹತ್ತು ನಿಮಿಷ ಮಾತಾಡಿದರೆ ಮುಗಿಯುವ ಕೆಲಸ. ಆದರೆ ಯೋಗೀಶ ಆ ಕೆಂಪಿನಲ್ಲಿ ಬೇರೆಯೇ ಓದಿದ. ನಾನಿಟ್ಟ ಹೆಸರನ್ನು ಬೇಕೆಂದೇ ಇಟ್ಟಿದ್ದಾನೆ! ನನ್ನ ಪೆಟ್ಟಿಗೆಯನ್ನು ಹೊರಗೆ ಹಾಕಿ ತನ್ನದನ್ನು ಕೂರಿಸಲಿಕ್ಕೆ!

ರೋನಿ ಅಂದು ಆಫೀಸಿನಲ್ಲಿ ಇರಲಿಲ್ಲ. ತಂಗಿ ಆಂಜೆಲಾಳ ಮದುವೆ ಎಂದು ಗುರುವಾರದವರೆಗೆ ರಜೆ ಹಾಕಿದ್ದ. ಮದುವೆಮನೆಯಿಂದಲೇ ಒಂದು ಸಂದೇಶ ಕಳಿಸಿದ: “ಯೋಗೀಶಣ್ಣ, ನಮ್ಮಿಬ್ಬರದ್ದೂ ಒಂದೇ ಹೆಸರಾಗಿದೆ. ನನ್ನದನ್ನೇ ಬದಲಿಸುತ್ತೇನೆ. ನೀವು ಸುಮ್ಮನೆ ತೊಂದರೆ ತೆಗೆದುಕೊಳ್ಳಬೇಡಿ.”

ಯೋಗೀಶ ಸಂಜೆ ಅದನ್ನು ಕಾವ್ಯಳಿಗೆ ಓದಿ ಹೇಳಿದ. “ಕೇಳಿದೆಯಾ? ತೊಂದರೆ ತೆಗೆದುಕೊಳ್ಳಬೇಡಿ ಅಂತೆ! ಅಂದರೆ ಎಂತ ಅರ್ಥ? ನನಗೆ ಬರುವುದಿಲ್ಲ ಅಂತಲ್ವಾ?”

“ತೊಂದರೆ ತೆಗೆದುಕೊಳ್ಳಬೇಡಿ ಅಂತಲೇ ಅರ್ಥ” ಎಂದಳು ಕಾವ್ಯ. “ಒಳ್ಳೆ ಜನ ಅವರು. ಹೋದ ಸಲ ನಿಮ್ಮ ಆಫೀಸಿನ ಊಟಕ್ಕೆ ಬಂದಾಗ ನನ್ನ ಫೋನು ಎರಡು ನಿಮಿಷದಲ್ಲಿ ಸರಿ ಮಾಡಿಕೊಟ್ಟರು. ನೀವು ಎರಡು ತಿಂಗಳಿಂದ ನೋಡ್ತೇನೆ ನೋಡ್ತೇನೆ ಅಂತ ಇದ್ರಿ.”

ಬೇಲಿಯ ಆಚೆಯಿಂದ ನೆರೆಮನೆಯ ರುಕಿಯಮ್ಮ ಕೂಗಿ ಕೇಳಿದರು, “ಯಾರು ಕಾವ್ಯ, ಆ ಕಾರ್ಕಳದವರಾ? ನನ್ನ ಫೋನು ಸಹ ತೋರಿಸಬೇಕಿತ್ತಲ್ಲ!”

ಯೋಗೀಶ ಆ ಸಂದೇಶಕ್ಕೆ ಉತ್ತರ ಕೊಡಲಿಲ್ಲ. ಗಂಡಸು ಕೆಲವೊಮ್ಮೆ ಕೆಲಸದಲ್ಲೇ ಉತ್ತರ ಕೊಡಬೇಕಾಗುತ್ತದೆ.

ಮಂಗಳವಾರ ಅವನು ಉತ್ತರ ಕೊಟ್ಟ. ಅವರ ಭಾಷೆಯಲ್ಲಿ ಎನಿ ಎಂದು ಒಂದು ಟೈಪ್ ಉಂಟು. ಒಳಗೆ ಅಕ್ಷರವಾದರೂ ಆಗಲಿ, ಸಂಖ್ಯೆಯಾದರೂ ಆಗಲಿ, ಬೂತಾಯಿ ಮೀನೇ ಆಗಲಿ, ನೀನು ನೋಡಬೇಡ ಎಂದು ಕಂಪ್ಯೂಟರಿನ ಕಣ್ಣು ಮುಚ್ಚಿಸುವ ಮಾತು ಅದು. ತೀರಾ ಸೋತವರು ಮಾತ್ರ ಬಳಸುತ್ತಾರೆ. ಯೋಗೀಶ ತನ್ನ ಕಡತದಲ್ಲಿ ಎನಿ ಎಂದು ಬರೆದ. ಕೆಂಪು ಹೋಗಲಿಲ್ಲ. ರೋನಿಯ ಕಡತಕ್ಕೂ ಹೋಗಿ, ಯಾರಾದರೂ ನೋಡುತ್ತಾರಾ ಎಂದು ಆಚೀಚೆ ತಿರುಗಿ, ಅಲ್ಲಿಯೂ ಎನಿ ಎಂದು ಬರೆದ. ನಲವತ್ತಮೂರು ಕೆಂಪೂ ಒಂದೇ ಸಲ ಮಾಯವಾದವು. ಒಂದು ಹೆಸರಿನಲ್ಲಿ ಒಂದೇ ಪೆಟ್ಟಿಗೆಗೆ ಜಾಗ ಇರುವುದರಿಂದ, ತನ್ನದು ಮೊದಲು ಬಂದು ಕೂರುವಂತೆಯೂ ರೋನಿಯದು ಬಾಗಿಲಿನಿಂದಲೇ ವಾಪಸು ಹೋಗುವಂತೆಯೂ ಎರಡು ಸಾಲು ಸೇರಿಸಿದ. ಕೆಮ್ಮಣ್ಣಿನ ಪುಟ ತೆರೆದು ನೋಡಿದ. ಚೊಕ್ಕವಾಗಿತ್ತು. ಕೆಮ್ಮಣ್ಣು ಸರಿ ಇದ್ದ ಮೇಲೆ ಜಗತ್ತು ಸರಿ ಇರಲೇಬೇಕು ಎಂದು ಬೇರೆ ಪುಟ ತೆರೆಯಲಿಲ್ಲ.

“ಆಯಿತಾ? ಟೈಪ್ ಜಗಳ ಎಲ್ಲ ಬಗೆಹರಿಯಿತಾ?” ಎಂದು ಮೇಡಂ ಕೇಳಿದರು.

“ಬುಡಸಮೇತ” ಎಂದ ಯೋಗೀಶ.

“ರೋನಿ ಬರುವವರೆಗೆ ಆಗುವುದಿಲ್ಲ ಅಂದುಕೊಂಡಿದ್ದೆ. ಭೇಷ್. ಹಾಗಾದರೆ ಭಾನುವಾರ ನೀವೇ ವೇದಿಕೆಗೆ ಹೋಗಿ.”

ಆ ರಾತ್ರಿ ಯೋಗೀಶ ಎರಡು ಬಟ್ಟಲು ಹೆಚ್ಚು ಗಂಜಿ ಉಂಡ.

ಗುರುವಾರ ಬೆಳಿಗ್ಗೆ ಪರೀಕ್ಷೆ. ಕಾಪು ನಿಲ್ದಾಣದಲ್ಲಿ ಸಂಘದವರು ಒಂದು ದೊಡ್ಡ ಟಿವಿ ತೂಗುಹಾಕಿದ್ದರು. ಎದುರಿಗೆ ಕುರ್ಚಿ ಹಾಕಿ ಬೂಬಣ್ಣನನ್ನು ಕೂರಿಸಿದ್ದರು. ಅವರು ಹಳೆಯ ಸೀಟಿಯನ್ನು ಕೊರಳಿಗೆ ಹಾಕಿಕೊಂಡೇ ಬಂದಿದ್ದರು. ಸಂಘದ ಅಧ್ಯಕ್ಷ ಅಲಿ ಹಾಜಿಯವರು ಬಿಳಿ ಪಂಚೆ ಉಟ್ಟು ನಿಂತಿದ್ದರು; ಚಾಂದಿನಿ ಬಸ್ಸುಗಳು ಅವರವೇ. ಯೋಗೀಶ ಮೇಡಂ ಜೊತೆ ಕಾರಿನಿಂದ ಇಳಿದು, ಸ್ವಿಚ್ ಹಾಕಿ, ಕೈ ಕಟ್ಟಿ ಪಕ್ಕಕ್ಕೆ ನಿಂತ.

ಟಿವಿಯಲ್ಲಿ ಐದು ಸಾಲು ಬಂದವು. ಬೂಬಣ್ಣ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು.

“ಎಂಟು ಗಂಟೆ, ಕಾರ್ಕಳ, ಚಾಂದಿನಿ. ಎಂಟು ಹತ್ತು, ಶಿರ್ವ, ಚಾಂದಿನಿ. ಎಂಟು ಹದಿನೈದು, ಉಡುಪಿ, ಚಾಂದಿನಿ. ಎಂಟು ಇಪ್ಪತ್ತು, ಚಾಂದಿನಿ. ಎಂಟೂವರೆ, ಚಾಂದಿನಿ.” ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಹಾಜಿಯವರೇ, ಉಳಿದ ಬಸ್ಸೆಲ್ಲ ಎಂತ ಆಯಿತು?”

ಆದದ್ದು ಏನೆಂದರೆ, ರೋನಿಯ ಪುಟಗಳು ಸಂಖ್ಯೆ ಕೊಡುತ್ತಿದ್ದವು. ಅಲ್ಲಿ ಕೂತಿದ್ದ ಯೋಗೀಶನ ಪೆಟ್ಟಿಗೆಗೆ ಹೆಸರು ಮಾತ್ರ ಗೊತ್ತು. ಹೆಸರು ತಿಳಿಯದಿದ್ದರೆ ಎಂತ ತೋರಿಸಬೇಕು ಎಂಬಲ್ಲಿ, ಕೆಲಸ ಶುರುಮಾಡಿದ ದಿನ ಯೋಗೀಶ ಚಾಂದಿನಿ ಎಂದು ಬರೆದಿಟ್ಟಿದ್ದ. ಅವನ ಬಾಲ್ಯದ ಕೆಮ್ಮಣ್ಣಿಗೆ ಬರುತ್ತಿದ್ದದ್ದು ಅದೊಂದೇ ಬಸ್ಸು. ಬಸ್ಸು ಎಂದರೆ ಚಾಂದಿನಿ, ಇನ್ನೆಂತ? ಕಂಪ್ಯೂಟರಿನ ಕಣ್ಣು ಮುಚ್ಚಿಸದಿದ್ದರೆ ಅದು ಆಗಲೇ ಬೊಬ್ಬೆ ಹಾಕುತ್ತಿತ್ತು.

ಎಂಟು ಗಂಟೆಗೆ ಕಾರ್ಕಳದ ಬಸ್ಸು ಬಂತು. ಅದು ಸ್ಯಾಮ್ಸನ್ ಅವರ ಸಿಲ್ವಿಯಾ. ಟಿವಿ ನೋಡಿದ ಪ್ರಯಾಣಿಕರು ಯಾರೂ ಹತ್ತಲಿಲ್ಲ. “ಎಂಟಕ್ಕೆ ಚಾಂದಿನಿ ಉಂಟಂತೆ, ನಾವು ಅದರಲ್ಲೇ ಬರ್ತೇವೆ” ಎಂದರು. ಕಂಡಕ್ಟರ್ ರೂಪೇಶ್ ಇಳಿದು ಟಿವಿ ನೋಡಿದ, ಹಾಜಿಯವರನ್ನು ನೋಡಿದ, ಮಾಲಕರಿಗೆ ಫೋನು ಮಾಡಿದ. ಐದು ನಿಮಿಷದಲ್ಲಿ ಸ್ಯಾಮ್ಸನ್ ಸ್ಕೂಟರಿನಲ್ಲಿ ಬಂದಿಳಿದರು.

“ಹಾಜಿಯವರೇ, ಸಂಘ ನಮ್ಮೆಲ್ಲರದ್ದು, ಟಿವಿ ಮಾತ್ರ ನಿಮ್ಮದಾ?”

“ದೇವರಾಣೆ, ನನಗೆ ಗೊತ್ತಿಲ್ಲ ಸ್ಯಾಮ್ಸನ್! ನನ್ನ ಹತ್ತಿರ ಇರುವುದೇ ನಾಲ್ಕು ಬಸ್ಸು. ಇಲ್ಲಿ ಐದು ತೋರಿಸುತ್ತದೆ!”

“ಐದಾ? ಕಾರ್ಕಳದ ಪುಟದಲ್ಲಿ ಹನ್ನೊಂದು ತೋರಿಸುತ್ತದಂತೆ!”

ಅಷ್ಟರಲ್ಲಿ ಹಾಜಿಯವರ ನಿಜವಾದ ಚಾಂದಿನಿ ಹಿಂದಿನಿಂದ ಬಂದು, ಟಿವಿಯನ್ನು ನಂಬಿ, ಎಂಟು ಗಂಟೆಯ ಜಾಗದಲ್ಲಿ ಮೂತಿ ತೂರಿಸಿತು. ಸಿಲ್ವಿಯಾ ಅಲುಗಲಿಲ್ಲ. ಅದರ ಹಿಂದೆ ಶಿರ್ವದ ಬಸ್ಸು, ಅದರ ಹಿಂದೆ ಉಡುಪಿಯದ್ದು, ಅದರ ಹಿಂದೆ ಒಂದು ಮೀನಿನ ಲಾರಿ. ಎಲ್ಲರೂ ಹಾರ್ನ್ ಒತ್ತಿದರು. ಬೂಬಣ್ಣ ಕುರ್ಚಿಯಿಂದ ಎದ್ದು ಸೀಟಿ ಊದತೊಡಗಿದರು. ನಲವತ್ತು ವರ್ಷದಲ್ಲಿ ಇಲ್ಲದ ಗಲಾಟೆ ಇಪ್ಪತ್ತು ನಿಮಿಷದಲ್ಲಿ ಆಗಿಹೋಯಿತು. ಸಂತೆಕಟ್ಟೆಯವರೆಗೂ ಬಸ್ಸು ತಡ ಎಂದು ಫೋನು ಬಂತು. ಕಾವ್ಯಳೂ ಫೋನು ಮಾಡಿದಳು: “ರುಕಿಯಮ್ಮ ಕೇಳ್ತಾ ಇದ್ದಾರೆ, ಜಿಲ್ಲೆಯ ಬಸ್ಸೆಲ್ಲ ಹಾಜಿಯವರೇ ತೆಗೆದುಕೊಂಡರಂತೆ ಹೌದಾ?”

ಸೌಮ್ಯಶ್ರೀ ಮೇಡಂ ಯೋಗೀಶನ ಮುಖ ನೋಡಿದರು. ಯೋಗೀಶ ಮೀನಿನ ಲಾರಿ ನೋಡಿದ. ಬೇರೆ ದಾರಿ ಕಾಣದೆ ಮೇಡಂ ರೋನಿಗೆ ಫೋನು ಹಚ್ಚಿದರು. ಗದ್ದಲದಲ್ಲಿ ಕೇಳಿಸುವುದಿಲ್ಲವೆಂದು ಸ್ಪೀಕರ್ ಹಾಕಿದರು. ಮದುವೆಮನೆಯ ಬ್ಯಾಂಡಿನ ನಡುವಿನಿಂದ ರೋನಿಯ ಸ್ವರ ಬಂತು. ಎಲ್ಲರೂ ಫೋನಿನ ಸುತ್ತ ಕೂಡಿದರು.

“ಎಲ್ಲ ಕಡೆ ಒಂದೇ ಹೆಸರು ಬರ್ತದಾ ಮೇಡಂ? ಒಂದು ನಿಮಿಷ, ಫೋನಿನಲ್ಲೇ ನೋಡ್ತೇನೆ.” ಬ್ಯಾಂಡು ಒಂದು ಹಾಡು ಮುಗಿಸಿತು. “ಹಾಂ, ಟೈಪು ಎನಿ ಆಗಿದೆ. ಅದಕ್ಕೇ.”

“ಯಾರು ಮಾಡಿದ್ದು ಅದನ್ನು?” ಎಂದು ಸ್ಯಾಮ್ಸನ್ ಫೋನಿಗೆ ಬಾಯಿ ಹಾಕಿದರು.

ಯಾರು, ಯಾವ ದಿನ, ಎಷ್ಟು ಗಂಟೆಗೆ ಬರೆದದ್ದು ಎಂಬುದೆಲ್ಲ ರೋನಿಯ ಕಣ್ಣ ಮುಂದೆಯೇ ಇತ್ತು.

“ನನ್ನಿಂದಲೇ ಆದದ್ದು ಸರ್” ಎಂದ. “ನಾನು ಬೇರೆ ಹೆಸರು ಇಡಬೇಕಿತ್ತು. ರಜೆ ಹಾಕುವ ಮೊದಲು ಯೋಗೀಶಣ್ಣನಿಗೆ ಹೇಳಬೇಕಿತ್ತು. ಅವರದ್ದು ಎಂತ ತಪ್ಪಿಲ್ಲ. ನನ್ನನ್ನು ಕ್ಷಮಿಸಿ.”

ಜನರ ಗುಂಪು ಒಮ್ಮೆಲೇ ತಣ್ಣಗಾಯಿತು.

“ನೋಡಿ” ಎಂದರು ಸ್ಯಾಮ್ಸನ್, “ತಂಗಿಯ ಮದುವೆಯ ಮಧ್ಯದಲ್ಲಿ ನಿಂತು ತನ್ನ ತಪ್ಪು ಒಪ್ಪಿಕೊಳ್ತಾರೆ. ಈಗಿನ ಕಾಲದಲ್ಲಿ ಯಾರು ಮಾರಾಯ್ರೆ ಹೀಗೆ?”

“ಒಳ್ಳೆ ಮನೆತನ” ಎಂದರು ಹಾಜಿಯವರು.

“ಹೀಗಿರಬೇಕು ಮನುಷ್ಯ” ಎಂದು ಕಂಡಕ್ಟರ್ ರೂಪೇಶ್ ಟೋಪಿ ತೆಗೆದ. ಬೂಬಣ್ಣ ಸೀಟಿಯನ್ನು ಅಂಗಿಯೊಳಗೆ ಇಳಿಬಿಟ್ಟು, “ಯಾರ ಮಗ ಇವ?” ಎಂದು ಗೌರವದಿಂದ ಕೇಳಿದರು.

ಯೋಗೀಶನ ಪಾಲಿಗೆ ಅದೊಂದು ಭಾಗ್ಯದ ಕ್ಷಣ. ಸುಮ್ಮನೆ ನಿಂತಿದ್ದರೆ ಸಾಕಿತ್ತು. ವೇದಿಕೆ ಅವನದೇ, ಮರ್ಯಾದೆ ಅವನದೇ, ಮಾವನೂ ಅವನವರೇ. ಆದರೆ ಅವನ ಹೊಟ್ಟೆಯೊಳಗೆ ಏಳು ತಿಂಗಳಿಂದ ಕುದಿಯುತ್ತಿದ್ದದ್ದು ಉಕ್ಕಿತು. ಕೆಲಸವನ್ನು ಈ ರೋನಿ ಬೇಗ ಮುಗಿಸುತ್ತಾನೆ, ಸಹಿಸಿದ್ದಾಯಿತು. ಹೆಂಡತಿಯ ಫೋನು ಸರಿ ಮಾಡಿದ, ಸಹಿಸಿದ್ದಾಯಿತು. ಈಗ ಯೋಗೀಶ ಸ್ವಂತ ಕೈಯಾರೆ ಮಾಡಿದ ತಪ್ಪನ್ನೂ ರೋನಿ ಹೊಡೆದುಕೊಂಡು, ಅದರಲ್ಲೂ ಹೆಸರು ಸಂಪಾದಿಸುತ್ತಿದ್ದಾನೆ!

“ಸುಳ್ಳು!” ಎಂದು ಯೋಗೀಶ ಕಿರುಚಿದ. “ಅವ ಸುಳ್ಳು ಹೇಳ್ತಾನೆ! ಅವನಿಗೂ ಇದಕ್ಕೂ ಎಂತ ಸಂಬಂಧ? ಎನಿ ಹಾಕಿದ್ದು ನಾನು! ಎರಡು ಕಡೆಯೂ ನಾನೇ! ಅವನ ಪೆಟ್ಟಿಗೆಯನ್ನು ಹೊರಗೆ ಹಾಕಿದ್ದು ನಾನು! ಚಾಂದಿನಿ ಬರೆದದ್ದು ನಾನು! ಬೇಕಾದರೆ ನೋಡಿ, ನನ್ನ ಹೆಸರು ಉಂಟು ಅದರಲ್ಲಿ, ದಿನಾಂಕ ಸಮೇತ!”

ಮೀನಿನ ಲಾರಿಯವನೂ ಹಾರ್ನ್ ನಿಲ್ಲಿಸಿದ.

ಮೇಡಂ ಫೋನನ್ನು ನಿಧಾನವಾಗಿ ಚೀಲಕ್ಕೆ ಹಾಕಿಕೊಂಡರು. “ಹಾಗಾದರೆ ಭಾನುವಾರ ರೋನಿ ವೇದಿಕೆಗೆ ಹೋಗಲಿ” ಎಂದರು, ಅಷ್ಟೇ.

ಶುಕ್ರವಾರ ಮತ್ತು ಶನಿವಾರ ಇಬ್ಬರೂ ಒಂದೇ ಮೇಜಿಗೆ ಕೂತರು. ಎನಿ ತೆಗೆದ ಕೂಡಲೇ ನಲವತ್ತಮೂರು ಕೆಂಪೂ ಹಾಜರಾದವು. ಹೆಸರು ಬೇಕಾ, ನಂಬರು ಬೇಕಾ ಎಂದು ಮತ್ತೆ ಜಗಳ ಬಂದಾಗ ಯೋಗೀಶ ಮಾವನಿಗೆ ಫೋನು ಮಾಡಿ ಕೇಳಿದ, “ನೀವು ಪುಸ್ತಕದಲ್ಲಿ ಎಂತ ಬರೆಯುತ್ತಿದ್ದದ್ದು ಮಾವ?” ಬೂಬಣ್ಣ ಹೇಳಿದರು, “ಎರಡೂ ಬರೀಬೇಕು. ಜನ ಹೆಸರು ಕೇಳ್ತಾರೆ, ಮಾಲಕ ನಂಬರು ಕೇಳ್ತಾನೆ.” ಪೆಟ್ಟಿಗೆ ಒಂದೇ ಆಯಿತು; ಒಳಗೆ ಅಕ್ಷರಕ್ಕೊಂದು, ಸಂಖ್ಯೆಗೊಂದು ಬೇರೆ ಬೇರೆ ಜಾಗ. ಶನಿವಾರ ಸಂಜೆಗೆ ಕೊನೆಯ ಕೆಂಪೂ ಹೋಯಿತು. “ಯೋಗೀಶಣ್ಣ, ನಿಮ್ಮಿಂದ ಆಯಿತು” ಎಂದ ರೋನಿ. ಯೋಗೀಶನಿಗೆ ಆ ಒಳ್ಳೆಯತನಕ್ಕೆ ಒಂದು ಬಾರಿಸಬೇಕು ಎನಿಸಿತು.

ಭಾನುವಾರ ಸಭಾಂಗಣ ತುಂಬಿತ್ತು. ಯೋಗೀಶ ಬರುವುದಿಲ್ಲ ಎಂದಿದ್ದ. ಕಾವ್ಯ ಅಂಗಿಗೆ ಇಸ್ತ್ರಿ ಹಾಕಿ ಕರೆತಂದಳು. ಮುಂದಿನ ಸಾಲಿನಲ್ಲಿ ಬೂಬಣ್ಣ, ಅವರ ಹಿಂದೆ ಕಾಪುವಿನ ಹದಿನಾಲ್ಕು ಜನ. ಯೋಗೀಶ ಮಾವನ ಪಕ್ಕದ ಕುರ್ಚಿಯಲ್ಲಿ ನೆಲ ನೋಡುತ್ತ ಕೂತ. ಹನ್ನೆರಡು ವರ್ಷಕ್ಕೊಮ್ಮೆ ಬಂದ ಅವಕಾಶವನ್ನು ಸ್ವಂತ ಬಾಯಿಂದ ಕಳೆದುಕೊಂಡವನ ಹಾಗೆಯೇ ಕೂತಿದ್ದ, ಯಾಕೆಂದರೆ ಆದದ್ದೂ ಅದೇ.

ವೇದಿಕೆಯಲ್ಲಿ ರೋನಿ ಕೋಟು ಹಾಕಿಕೊಂಡು ಚೆಂದವಾಗಿ ಮಾತಾಡಿದ. ಪರದೆಯಲ್ಲಿ ಸಿಲ್ವಿಯಾ ಸಿಲ್ವಿಯಾದ ಸಮಯಕ್ಕೆ ಬಂತು, ಚಾಂದಿನಿ ಚಾಂದಿನಿಯ ಸಮಯಕ್ಕೆ. ಚಪ್ಪಾಳೆ ಬಿತ್ತು. ಆಗ ಹಿಂದಿನ ಸಾಲಿನಿಂದ ಒಬ್ಬ ಬಸ್ ಮಾಲಕರು ಎದ್ದು ನಿಂತು, “ಅದೆಲ್ಲ ಸರಿ. ಗುರುವಾರ ಬಸ್ಸೆಲ್ಲ ನಿಂತಿತ್ತಲ್ಲ, ಅದು ಯಾರಿಂದ?” ಎಂದು ಕೇಳಿದರು.

ರೋನಿ ಮೈಕನ್ನು ಬಾಯಿಯ ಹತ್ತಿರ ತರುವಷ್ಟರಲ್ಲಿ ಬೂಬಣ್ಣ ಎದ್ದರು. ಸಭೆಯ ಕಡೆ ತಿರುಗಿದರು. ಅವರ ಎದೆ ಉಬ್ಬಿತ್ತು.

“ನನ್ನ ಅಳಿಯ!” ಎಂದರು, ಸೀಟಿ ಊದಿ ಊದಿ ಗಟ್ಟಿಯಾದ ಸ್ವರದಲ್ಲಿ. “ಇವ, ಯೋಗೀಶ! ಕಾಪು, ಕಾರ್ಕಳ, ಉಡುಪಿ, ಎಲ್ಲ ನಿಲ್ಲಿಸಿದ್ದು ಇವ ಒಬ್ಬನೇ! ನಲವತ್ತು ವರ್ಷ ಸೀಟಿ ಊದಿದ ನನಗೆ ಒಂದೇ ದಿನ ಐದು ಬಸ್ಸು ನಿಲ್ಲಿಸಲಿಕ್ಕೆ ಆಗಿರಲಿಲ್ಲ. ಇವ ಮಣಿಪಾಲದಲ್ಲಿ ಕೂತಲ್ಲೇ ಎರಡು ಅಕ್ಷರ ಬರೆದು ಇಡೀ ಜಿಲ್ಲೆ ನಿಲ್ಲಿಸಿದ! ಮತ್ತೆ ಹೊರಡಿಸಿದ್ದೂ ಇವನೇ!”

ಸಭೆಯೆಲ್ಲ ಯೋಗೀಶನನ್ನು ನೋಡಲು ಕತ್ತು ಚಾಚಿತು. ಹಿಂದಿನವರು ಕುರ್ಚಿಯ ಮೇಲೆ ಹತ್ತಿದರು. ಸ್ಯಾಮ್ಸನ್ ನಕ್ಕರು, ಹಾಜಿಯವರು ಎದ್ದು ಬಂದು ಕೈ ಕುಲುಕಿದರು. ಕಾಪುವಿನ ಹದಿನಾಲ್ಕು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಾವ್ಯ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ನಗುವಿಗೋ ಅಳುವಿಗೋ ಅವಳಿಗೇ ಗೊತ್ತಿರಲಿಲ್ಲ.

ಯೋಗೀಶ ತಲೆ ಎತ್ತಿ ವೇದಿಕೆಯ ಕಡೆ ನೋಡಿದ. ರೋನಿ ಮೈಕು ಹಿಡಿದು, ತನ್ನ ಕಡೆ ಒಬ್ಬರೂ ನೋಡದ ಮುನ್ನೂರು ಜನರ ಎದುರು ಒಬ್ಬನೇ ನಿಂತಿದ್ದ. ಅವನ ತುಟಿಯ ಮೇಲೆ ನಗು ಇತ್ತು, ಕಣ್ಣಿನಲ್ಲಿ ಇರಲಿಲ್ಲ. ಬೇರೆ ಯಾರಿಗೂ ತಿಳಿಯದ ಆ ಮುಖವನ್ನು ಯೋಗೀಶ ನೋಡಿದ ಕೂಡಲೇ ಗುರುತಿಸಿದ; ಅವನ ಕನ್ನಡಿಯಲ್ಲಿ ದಿನಾ ಕಾಣುತ್ತಿದ್ದದ್ದು ಅದೇ. ಏಳು ತಿಂಗಳಲ್ಲಿ ಮೊದಲ ಸಲ ಅವನಿಗೆ ರೋನಿ ಒಳ್ಳೆಯ ಮನುಷ್ಯ ಎನಿಸಿತು.